ಇಗರ್ಜಿಯ ಯುವ ಸಂಘಟನೆಗಳು ಮತ್ತು ಸೇವೆ

ಕಾಸರಗೋಡು ಜಿಲ್ಲೆಯ ಬೇಳ, ಕಯ್ಯಾರು, ಮಂಜೇಶ್ವರ ಇಗರ್ಜಿಗಳು ಕೇರಳದಲ್ಲಿದ್ದರೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಅಲ್ಲಿನ ಯುವಜನ ಸಂಘಟನೆಗಳಲ್ಲಿ ವಿದ್ಯಾರ್ಥಿಗಳಿಗೆ ವೈಸಿಎಸ್, ದೊಡ್ಡವರಿಗೆ ಐಸಿವೈಎಂ. ವೈಸಿಎಸ್ ಅನುಸರಿಸುವ 'ನೋಡು, ವಿವೇಚಿಸು, ಕಾರ್ಯಕ್ಕಿಳಿ' ಕ್ರಮ ಬೆಲ್ಜಿಯಂನ ಧರ್ಮಗುರು ಜೋಸೆಫ್ ಕಾರ್ಡೈನ್ ಅವರದು. 1925ರಲ್ಲಿ ಯುವ ಕಾರ್ಮಿಕರ ಚಳವಳಿ ಕಟ್ಟಿದವರೂ ಇವರೇ.

ಸೇವೆಗೆ ಇದಕ್ಕಿಂತ ಹಳೆಯ ದಾರಿ ಸಂತ ವಿನ್ಸೆಂಟ್ ಪಾವ್ಲ್ ಸಭೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಇದನ್ನು ಆರಂಭಿಸಿದವರಲ್ಲಿ ಪ್ರಮುಖರಾದ ಫ್ರೆಡರಿಕ್ ಓಝಾನಂ ಆಗ 20 ವರ್ಷದ ವಿದ್ಯಾರ್ಥಿ. (ಇದು ವಯಸ್ಸಾದವರ ಸಭೆ ಎಂದುಕೊಳ್ಳುವವರು ಗಮನಿಸಬೇಕು.) ಬಡವರ ಮನೆಗೆ ಸದಸ್ಯರೇ ಹೋಗಿ ವಿಚಾರಿಸಬೇಕು, ಹಣ ಕಳುಹಿಸಿದರೆ ಸಾಲದು.

ಕಲಿತವರು ಮಂಗಳೂರು, ಗಲ್ಫ್ ಎಂದು ಹೊರಟಾಗ ಯುವ ಘಟಕ ಬಡವಾಗುತ್ತದೆ, ಮನೆಯಲ್ಲಿ ಹಿರಿಯರಷ್ಟೇ ಉಳಿಯುತ್ತಾರೆ. ರಕ್ತದಾನ, ಶ್ರಮದಾನ ಎಲ್ಲ ಕಡೆಯೂ ಇದ್ದದ್ದೇ. ಆದರೆ ಮಲಯಾಳಂ ಓದಲು ಬಾರದ ಅಜ್ಜ-ಅಜ್ಜಿಯರ ಪಿಂಚಣಿ ಅರ್ಜಿ ತುಂಬಿಸಿಕೊಡುವುದು, ಆಸ್ಪತ್ರೆಗೆ ಜೊತೆಗೆ ಹೋಗುವುದು ಎರಡೂ ಭಾಷೆ ಬಲ್ಲ ಇಲ್ಲಿನ ಹುಡುಗ ಹುಡುಗಿಯರಿಂದಲೇ ಆಗಬೇಕಾದ ಕೆಲಸ. ಸೇರಬಯಸುವವರು ಭಾನುವಾರದ ಬಲಿಪೂಜೆಯ ಬಳಿಕ ತಮ್ಮ ಇಗರ್ಜಿಯ ಧರ್ಮಗುರುಗಳನ್ನು ಅಥವಾ ಘಟಕದ ಅಧ್ಯಕ್ಷರನ್ನು ಕಾಣಬಹುದು.