ದಂಡವಿಧಿಯಿಂದ ಪಡಿತರ ಚೀಟಿಯವರೆಗೆ

ಪುರುಷನು ಪುರುಷನಲ್ಲಿಯೂ ಸ್ತ್ರೀಯು ಸ್ತ್ರೀಯಲ್ಲಿಯೂ ಅನುರಕ್ತರಾಗುವ ವಿಷಯವನ್ನು ಗೃಹಸ್ಥರು ಓದುವ ಪತ್ರಿಕೆಯಲ್ಲಿ ಎತ್ತಬಹುದೇ ಎಂದು ಕೆಲವರು ಸಂಕೋಚಪಡಬಹುದು. ಆದರೆ ಇಂತಹವರು ಹುಟ್ಟಿ ಬೆಳೆಯುವುದು ಗೃಹಸ್ಥರ ಮನೆಗಳಲ್ಲಿಯೇ. ಆದುದರಿಂದ ಅವರ ಹಕ್ಕುಗಳ ಇತಿಹಾಸವನ್ನು ಮೊದಲು ಅರಿಯಬೇಕಾದವರೂ ಗೃಹಸ್ಥರೇ. "ಇದು ಪಾಶ್ಚಾತ್ಯರಿಂದ ಬಂದ ಚಾಳಿ, ನಮ್ಮ ಪೂರ್ವಿಕರು ಅರಿಯದುದು" ಎಂಬ ಮಾತನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ವಿದ್ಯಾವಂತರ ಬಾಯಿಂದಲೂ ಕೇಳಿದ್ದೇನೆ. ಗ್ರಂಥಗಳನ್ನು ತೆರೆದು ನೋಡಿದರೆ ಸಂಗತಿ ಬೇರೆಯಾಗಿ ಕಾಣುವುದು.

ಕೌಟಿಲ್ಯನು ಅರ್ಥಶಾಸ್ತ್ರದ ಕಂಟಕಶೋಧನಾಧಿಕರಣದಲ್ಲಿ ಪುರುಷರ ಪರಸ್ಪರ ಸಂಯೋಗಕ್ಕೆ ಪೂರ್ವಸಾಹಸದಂಡವನ್ನು, ಎಂದರೆ ಸಾಹಸದಂಡಗಳ ಮೂರು ತರಗತಿಗಳಲ್ಲಿ ಅತ್ಯಂತ ಕಡಮೆಯದನ್ನು, ವಿಧಿಸಿದನು. ಮನುಸ್ಮೃತಿಯು ಇದನ್ನು ಒಂದೆಡೆ ಜಾತಿಭ್ರಂಶಕರವಾದ ಪಾತಕಗಳಲ್ಲಿ ಎಣಿಸಿ, ಇನ್ನೊಂದೆಡೆ ಉಟ್ಟ ಬಟ್ಟೆಯೊಡನೆ ಸ್ನಾನಮಾಡುವುದನ್ನೇ ಪ್ರಾಯಶ್ಚಿತ್ತವಾಗಿ ಹೇಳಿತು. ಕನ್ಯೆಯನ್ನು ಕೆಡಿಸಿದ ಸ್ತ್ರೀಗೆ ಅದೇ ಗ್ರಂಥದಲ್ಲಿ ಕ್ರೂರವಾದ ದಂಡವುಂಟು, ಅದನ್ನು ಮರೆಮಾಡತಕ್ಕದ್ದಲ್ಲ. ಶಾಸ್ತ್ರಕಾರರು ಇಂತಹ ಅನುರಾಗವನ್ನು ಹೊಗಳಿದರೆಂದು ನಾನು ಹೇಳುವುದಿಲ್ಲ. ಅವರು ಅದನ್ನು ಅರಿತಿದ್ದರು. ಪುರುಷನನ್ನು ಅದಕ್ಕಾಗಿ ಜೀವವಿರುವವರೆಗೂ ಸೆರೆಯಲ್ಲಿಡಬೇಕೆಂದು ಮಾತ್ರ ಅವರಿಗೆ ತೋರಲಿಲ್ಲ.

ಹಾಗೆ ತೋರಿದುದು ಇಂಗ್ಲಿಷರಿಗೆ. ಮೆಕಾಲೆಯ ಕರಡಿನಿಂದ ಹುಟ್ಟಿ ೧೮೬೦ರಲ್ಲಿ ಶಾಸನವಾದ ದಂಡಸಂಹಿತೆಯ ೩೭೭ನೆಯ ಕಲಮು 'ಪ್ರಕೃತಿಗೆ ವಿರುದ್ಧವಾದ' ಸಂಭೋಗಕ್ಕೆ ಯಾವಜ್ಜೀವ ಶಿಕ್ಷೆಯವರೆಗೂ ಅವಕಾಶವಿತ್ತಿತು. ಮೈಸೂರು ಸೀಮೆ ಆಗ ಕಮಿಷನರುಗಳ ಆಡಳಿತದಲ್ಲಿದ್ದಿತು. ೧೮೮೧ರಲ್ಲಿ ರಾಜ್ಯವು ಒಡೆಯರಿಗೆ ಮರಳಿದಾಗ, ಜಾರಿಯಲ್ಲಿರುವ ಶಾಸನಗಳನ್ನು ಗವರ್ನರ್ ಜನರಲರ ಸಮ್ಮತಿಯಿಲ್ಲದೆ ಬದಲಿಸಕೂಡದೆಂಬ ಷರತ್ತು ಹಸ್ತಾಂತರಪತ್ರದಲ್ಲಿಯೇ ಇದ್ದಿತು. ೧೯೩೯ರಲ್ಲಿ ಮಂಡ್ಯ ಜಿಲ್ಲೆ ಏರ್ಪಟ್ಟಾಗಲೂ ೧೯೪೭ರಲ್ಲಿ ಸ್ವಾತಂತ್ರ್ಯ ಬಂದಾಗಲೂ ಆ ಕಲಮು ಇದ್ದಂತೆಯೇ ಇದ್ದಿತು. ಪರದೇಶದ ಬಟ್ಟೆಯನ್ನು ಬೆಂಕಿಗೆ ಹಾಕಿದ ನಾವು ಪರದೇಶದ ಈ ವಿಧಿಯನ್ನು ಮಾತ್ರ ನಮ್ಮ ಸನಾತನಧರ್ಮವೆಂದೇ ಕಾಪಾಡಿಕೊಂಡು ಬಂದೆವು!

ಈ ಕಲಮಿನಿಂದ ನ್ಯಾಯಾಲಯದಲ್ಲಿ ಶಿಕ್ಷೆಯಾದುದಕ್ಕಿಂತ ಬೀದಿಯಲ್ಲಿ ಹೆದರಿಸಿ ಹಣ ಕಿತ್ತುದೇ ಹೆಚ್ಚು. ಕರ್ಣಾಟಕದ ಪಿ.ಯು.ಸಿ.ಎಲ್. ಸಂಸ್ಥೆಯವರು ಬೆಂಗಳೂರಿನ ಸ್ಥಿತಿಯನ್ನು ವಿಚಾರಿಸಿ ೨೦೦೧ರಲ್ಲಿ ಪ್ರಕಟಿಸಿದ ವರದಿಯು ಪೋಲೀಸರ ಕಿರುಕುಳವನ್ನೂ ಮನೆಯವರ ತಿರಸ್ಕಾರವನ್ನೂ ಒಟ್ಟಿಗೆ ದಾಖಲುಮಾಡಿತು. ಹೆದರಿದವರು ಒಂದು ದಿನ ಬೆಳಕಿಗೆ ಬರಲೇಬೇಕು. ಮದ್ದೂರಿನ ಶಿವಪುರದಲ್ಲಿ ೧೯೩೮ರ ಏಪ್ರಿಲಿನಲ್ಲಿ ನಿಷೇಧಾಜ್ಞೆಯನ್ನು ಮೀರಿ ಧ್ವಜವನ್ನೇರಿಸಿದವರು ಬಟ್ಟೆಯ ತುಂಡೊಂದಕ್ಕಾಗಿ ಹಾಗೆ ಮಾಡಿದರೇ? ನಾವೂ ಇದ್ದೇವೆಂದು ಹತ್ತು ಜನರ ಮುಂದೆ ಹೇಳುವುದೇ ಅವರ ರಾಜಕೀಯದ ಮೊದಲ ಮೆಟ್ಟಲಾಗಿದ್ದಿತು. ೨೦೦೮ರ ಜೂನ್ ೨೯ರಂದು ಬೆಂಗಳೂರಿನ ಬೀದಿಯಲ್ಲಿ ತಮ್ಮ ಬಣ್ಣದ ಬಾವುಟ ಹಿಡಿದು ನಡೆದವರು ಹತ್ತಿದುದೂ ಅದೇ ಮೆಟ್ಟಲನ್ನು.

ಮುಂದಿನ ವ್ಯಾಜ್ಯದ ಕಥೆ ದೀರ್ಘವಾದುದು. ೨೦೦೯ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧವಲ್ಲವೆಂದಿತು. ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ಮುಚ್ಚಿದ ಬಾಗಿಲನ್ನು ತೆರೆಯಲು ನೆರವಾದುದು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದಿಂದ ನಿವೃತ್ತರಾದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಬೇರೊಂದು ಕಾರಣಕ್ಕಾಗಿ ಹೂಡಿದ್ದ ಮೊಕದ್ದಮೆ. ಅದರಲ್ಲಿ ೨೦೧೭ರಲ್ಲಿ ಒಂಬತ್ತು ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಮರುವರ್ಷ ಸೆಪ್ಟೆಂಬರ್ ೬ರಂದು, ವಯಸ್ಕರು ಸಮ್ಮತಿಯಿಂದ ಏಕಾಂತದಲ್ಲಿ ನಡೆಯುವ ಮಟ್ಟಿಗೆ, ೩೭೭ನೆಯ ಕಲಮು ಬಿದ್ದುಹೋಯಿತು.

ಲಿಂಗತ್ವ ಅಲ್ಪಸಂಖ್ಯಾತರ ಪ್ರಶ್ನೆ ಇದಕ್ಕೆ ನೆರೆಯದಾದರೂ ಬೇರೆಯದು: ಇವರ ಅನುರಾಗ ಯಾರಲ್ಲಿ ಎಂಬುದಲ್ಲ, ಇವರು ತಮ್ಮನ್ನು ಏನೆಂದು ಅರಿತಿರುವರೆಂಬುದು. ೨೦೧೧ರಲ್ಲಿ ನಮ್ಮ ಪೋಲೀಸ್ ಶಾಸನಕ್ಕೆ ೩೬ಎ ಎಂಬ ಕಲಮನ್ನು ಸೇರಿಸಿ ಇವರನ್ನು ಅನುಮಾನದ ಪಟ್ಟಿಯಲ್ಲಿ ಬರೆದಿಡಲು ಅವಕಾಶಮಾಡಿದರು. ಇವರ ಪರವಾಗಿ ನ್ಯಾಯಾಲಯದಲ್ಲಿ ಮೊರೆಹೊಕ್ಕ ಮೇಲೆ ೨೦೧೬ರಲ್ಲಿ ಆ ಕಲಮಿನಿಂದ ಇವರ ಹೆಸರನ್ನು ತೆಗೆಯಲಾಯಿತು. ಅದೇ ಸರ್ಕಾರಿ ದಫ್ತರದಲ್ಲಿ ೨೦೨೧ರಲ್ಲಿ ಇವರಿಗೆ ಉದ್ಯೋಗಗಳಲ್ಲಿ ನೂರಕ್ಕೆ ೧ರಂತೆ ಮೀಸಲಾತಿ ಬರೆಯಲ್ಪಟ್ಟಿತು. ಹತ್ತು ವರ್ಷಗಳ ಸಂಘಟನೆಯ ಫಲವಿದು.

ಸಲಿಂಗಾನುರಾಗಿಗಳಿಗೆ ಇಂತಹ ಸಂಘಟನೆ ಕಷ್ಟವಾದುದು. ಜಾತಿಗೊಂದು ಸಂಘವುಂಟು, ಕಬ್ಬು ಬೆಳೆಯುವ ರೈತರಿಗೂ ಸಂಘವುಂಟು, ಅವರಿಗೆ ಊರುಂಟು, ಕೇರಿಯುಂಟು, ಎಣಿಸಬಲ್ಲ ಮತಗಳುಂಟು. ಇವರಾದರೋ ಮನೆಗೊಬ್ಬರಂತೆ, ಊರಿಗೆ ನಾಲ್ವರಂತೆ, ಒಬ್ಬರನ್ನೊಬ್ಬರು ಅರಿಯದೆ ಹುಟ್ಟುವರು. ಬೇರೆ ಅಲ್ಪಸಂಖ್ಯಾತರ ಮಗುವಿಗೆ ಹೊರಗೆ ಅವಮಾನವಾದರೆ ತಾಯಿಯ ಮಡಿಲುಂಟು. ಇವರು ಮೊದಲು ಬಚ್ಚಿಟ್ಟುಕೊಳ್ಳಬೇಕಾದುದೇ ತಾಯಿಯಿಂದ. ವಸುಧೇಂದ್ರರ 'ಮೋಹನಸ್ವಾಮಿ' ೨೦೧೩ರಲ್ಲಿ ಹೊರಬರುವವರೆಗೆ ಇವರ ಬಾಳನ್ನು ಕನ್ನಡದಲ್ಲಿ ಒಳಗಿನಿಂದ ಬಲ್ಲವರ ಬರಹವಾಗಿ ಓದುವುದೇ ದುರ್ಲಭವಾಗಿದ್ದಿತು.

ಈಗ ಉಳಿದಿರುವ ಕೆಲಸವೇನು? ೨೦೨೩ರ ಅಕ್ಟೋಬರ್ ೧೭ರಂದು ಸರ್ವೋಚ್ಚ ನ್ಯಾಯಾಲಯವು ಇವರ ವಿವಾಹದ ಪ್ರಶ್ನೆಯನ್ನು ಶಾಸನಸಭೆಗಳಿಗೆ ಬಿಟ್ಟಿತು. ೨೦೨೪ರಲ್ಲಿ ಕೇಂದ್ರ ಸರ್ಕಾರವು, ಜೊತೆಯಾಗಿ ಬಾಳುವ ಇಬ್ಬರನ್ನು ಪಡಿತರ ಚೀಟಿಗಾಗಿ ಒಂದೇ ಮನೆಯವರೆಂದು ಎಣಿಸಬೇಕೆಂದು ರಾಜ್ಯಗಳಿಗೆ ಬರೆಯಿತು. ಜಂಟಿ ಬ್ಯಾಂಕ್ ಖಾತೆಗೆ ಅಡ್ಡಿಯಿಲ್ಲವೆಂದೂ ತಿಳಿಸಿತು. ಅಲ್ಪವೆಂದು ನಗಬೇಡಿರಿ, ಸರ್ಕಾರದ ಕಾಗದದಲ್ಲಿ 'ಒಂದೇ ಮನೆ' ಎಂಬ ಮಾತು ಇವರಿಗೆ ದೊರೆತುದು ಅಲ್ಲಿಯೇ. ಆದರೆ ನಾಲೆಯ ನೀರುಂಡ ನಮ್ಮ ಸೀಮೆಯಲ್ಲಿ ಮನೆಯೆಂದರೆ ಜಮೀನು. ಇಪ್ಪತ್ತು ವರ್ಷ ಜೊತೆಗೆ ದುಡಿದ ಸಂಗಾತಿ ಸತ್ತರೆ, ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನದಂತೆ ಉಳಿದವನಿಗೆ ಒಂದು ಗುಂಟೆಯೂ ಬಾರದು. ದೂರದ ದಾಯಾದಿಗೆ ಬರುವುದು. ಮರಣಶಾಸನವೊಂದೇ ಈಗಿರುವ ದಾರಿ. ಇನ್ನೊಂದು ಕೊರತೆಯೂ ಉಂಟು: ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯು ೩೭೭ನ್ನು ಪೂರ್ತಿ ಕೈಬಿಟ್ಟುದರಿಂದ, ಬಲಾತ್ಕಾರಕ್ಕೆ ಗುರಿಯಾದ ವಯಸ್ಕ ಪುರುಷನಿಗೆ ತಕ್ಕ ಕಲಮೇ ಇಲ್ಲವಾಯಿತು. ಶಾಸನಸಭೆಯ ಮುಂದೆ ಇವರು ಇಡಬೇಕಾದ ಬೇಡಿಕೆಗಳಲ್ಲಿ ಇವೆರಡು ಮೊದಲಿನವೆಂದು ನನಗೆ ತೋರುವುದು.

ನಾನು ಬಹುಕಾಲ ಪಾಠ ಹೇಳಿದವನು. ವಿರಾಟಪರ್ವದಲ್ಲಿ ಬೃಹನ್ನಳೆಯ ಪ್ರಸಂಗ ಬಂದಾಗಲೆಲ್ಲ ತರಗತಿಯಲ್ಲಿ ನಗೆಯೇಳುತ್ತಿದ್ದಿತು, ನಾನೂ ನಗುತ್ತಿದ್ದೆನು. ನಗದೆ ತಲೆತಗ್ಗಿಸಿ ಕುಳಿತವನೊಬ್ಬನು ಪ್ರತಿವರ್ಷವೂ ಇದ್ದಿರಬೇಕು. ಅವನ ಕಡೆ ನೋಡುವುದು ನನಗೆ ಹೊಳೆಯಲಿಲ್ಲ. ಇದನ್ನು ಓದುವ ತಂದೆತಾಯಿಗಳ ಮುಂದೆ ಅಂತಹ ಮಗನೋ ಮಗಳೋ ಒಂದು ದಿನ ಬಂದು ನಿಂತಾರು. ಇದಕ್ಕೆ ಚಿಕಿತ್ಸೆ ಮಾಡುವೆನೆನ್ನುವ ವೈದ್ಯನ ನಡತೆಯು ವೃತ್ತಿದ್ರೋಹವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೨ರಲ್ಲಿಯೇ ಸಾರಿದೆ; ಆದುದರಿಂದ ವೈದ್ಯನ ಬಾಗಿಲಿಗೆ ಎಳೆದೊಯ್ಯಬೇಡಿರಿ, ಗಾಬರಿಯಿಂದ ಮದುವೆ ಗೊತ್ತುಮಾಡಿ ಇನ್ನೊಂದು ಮನೆಯ ಹೆಣ್ಣಿನ ಬಾಳನ್ನೂ ಕೆಡಿಸಬೇಡಿರಿ. ಕೂರಿಸಿ, ಊಟಕ್ಕಿಟ್ಟು, ಮಾತು ಮುಗಿಯುವವರೆಗೂ ಕೇಳಿರಿ.