ಹಗ್ಗ ಎಳೆಯುವ ಹಕ್ಕು

ನಮ್ಮ ತಂಗಿಯ ಮಗ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪೆನಿಯಲ್ಲಿ ಕೆಲಸಕ್ಕಿದ್ದಾನೆ. ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ. ಕಳೆದ ಸಲ ನಾವು ಅವರ ಮನೆಗೆ ಹೋಗಿದ್ದಾಗ, ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಲ್ಯಾಪ್‌ಟಾಪಿನ ಮುಂದೆ ಎದ್ದು ನಿಂತ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಯಾವುದು ಅಡ್ಡಿಯಾಗಿದೆ ಎಂದು ಮೂರು ಮಾತು ಹೇಳಿ ಕೂತ. ತಂಗಿ ಅಡುಗೆಮನೆಯಿಂದಲೇ, "ದಿನಾ ಹಾಜರಿ ಕೊಡ್ತಾನೆ ಭಾಯ್, ಸ್ಕೂಲ್ ಹುಡುಗನ ಹಾಗೆ" ಎಂದು ನಕ್ಕಳು. "ಹಾಜರಿ ಅಲ್ಲ ಅಮ್ಮಿ, ಇದಕ್ಕೆ ಸ್ಟ್ಯಾಂಡ್-ಅಪ್ ಅಂತಾರೆ. ಅಜೈಲ್ ಅನ್ನೋ ಪದ್ಧತಿ" ಎಂದ ಅವನು. ಆಮೇಲೆ ನಮ್ಮ ಕಡೆ ತಿರುಗಿ, ದನಿ ತಗ್ಗಿಸಿ, "ಅಮ್ಮಿ ಹೇಳಿದ್ದೂ ಸುಳ್ಳಲ್ಲ, ಮಾಮು" ಎಂದ.

ಅಜೈಲ್ ಎಂದರೆ ಚುರುಕು ಎಂದರ್ಥ. ಇಂದು ಬೆಂಗಳೂರಿನಲ್ಲಿ ಸಾವಿರಾರು ಯುವಕ ಯುವತಿಯರ ದಿನಚರಿಯನ್ನು ನಡೆಸುತ್ತಿರುವುದು ಈ ಪದ್ಧತಿ. ಕೆಲಸಗಾರನ ಮಾತಿಗೆ ಬೆಲೆ ಬರಲೆಂದು ಹುಟ್ಟಿದ ಪದ್ಧತಿ ಹಾಜರಿ ಪುಸ್ತಕವಾದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಕಂಪ್ಯೂಟರಿಗಿಂತ ಹಿಂದಿನ ಕಾಲಕ್ಕೆ ಹೋಗಬೇಕಾಗುತ್ತದೆ.

ಗಡಿಯಾರ ಹಿಡಿದು ನಿಂತವರು

ಅಮೆರಿಕದ ಫ್ರೆಡರಿಕ್ ಟೇಲರ್ 1911ರಲ್ಲಿ 'ವೈಜ್ಞಾನಿಕ ನಿರ್ವಹಣೆ'ಯ ತತ್ವಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಉಕ್ಕಿನ ಕಾರ್ಖಾನೆಯಲ್ಲಿ ಕೂಲಿಗಳ ಪಕ್ಕ ಗಡಿಯಾರ ಹಿಡಿದು ನಿಂತು, ಒಬ್ಬ ದಿನಕ್ಕೆ ಹೊರುತ್ತಿದ್ದ ಕಬ್ಬಿಣದ ಗಟ್ಟಿಗಳನ್ನು ಸುಮಾರು 12 ಟನ್ನಿನಿಂದ 47 ಟನ್ನಿಗೆ ಏರಿಸಿದ್ದಾಗಿ ಅವನು ಬರೆದುಕೊಂಡಿದ್ದಾನೆ. ಯೋಚಿಸುವವರು ಬೇರೆ, ಮಾಡುವವರು ಬೇರೆ ಎಂಬುದು ಅವನ ತತ್ವದ ತಿರುಳು. ಕೂಲಿ ಸ್ವಲ್ಪ ಹೆಚ್ಚಿತು ನಿಜ. ಆದರೆ ತಾನು ಮಾಡುವ ಕೆಲಸದ ಬಗ್ಗೆ ಕೂಲಿಯವನಿಗೆ ಏನಾದರೂ ತಿಳಿದಿರಬಹುದು ಎಂಬ ಮಾತಿಗೆ ಅಲ್ಲಿ ಜಾಗವಿರಲಿಲ್ಲ.

ನಮಗಿದು ಪುಸ್ತಕದ ವಿಷಯವಲ್ಲ. ನಮ್ಮ ತಾಯಿ ಬೀಡಿ ಕಟ್ಟುತ್ತಿದ್ದರು. ಸಾವಿರಕ್ಕೆ ಇಷ್ಟು ಎಂದು ಮಜೂರಿ. ಎಲೆ ಒಣಗಿದೆ, ಇದರಲ್ಲಿ ಸಾವಿರ ಬೀಡಿ ಆಗುವುದಿಲ್ಲ ಎಂದು ಅವರು ಹೇಳಿದರೆ ಗುತ್ತಿಗೆದಾರ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದುದು ಲೆಕ್ಕ ಮಾತ್ರ. ಕಡಿಮೆ ಬಿದ್ದ ಎಲೆಯ ಹಣ ಮಜೂರಿಯಿಂದ ಮುರಿದುಹೋಗುತ್ತಿತ್ತು.

ಕಾಗದದ ಮೇಲಿನ ಜಲಪಾತ

1960ರ ದಶಕದಲ್ಲಿ ಕಂಪ್ಯೂಟರುಗಳು ದೊಡ್ಡವಾದವು. ಅವುಗಳಿಗೆ ಬೇಕಾದ ಪ್ರೋಗ್ರಾಮುಗಳೂ ದೊಡ್ಡವಾದವು. ಹೇಳಿದ ದಿನಕ್ಕೆ ಮುಗಿಯದೆ, ಹೇಳಿದ ಹಣಕ್ಕೆ ನಿಲ್ಲದೆ, ಮುಗಿದ ಮೇಲೂ ಕೆಲಸಕ್ಕೆ ಬಾರದೆ ಹೋದವು ಎಷ್ಟೋ. 1968ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್ ಎಂಬ ಊರಿನಲ್ಲಿ ನೇಟೋ ಸಂಸ್ಥೆ ಕರೆದ ಸಭೆಯಲ್ಲಿ ತಜ್ಞರು ಇದನ್ನು 'ಸಾಫ್ಟ್‌ವೇರ್ ಬಿಕ್ಕಟ್ಟು' ಎಂದೇ ಕರೆದರು.

ಐಬಿಎಂ ಕಂಪೆನಿಯಲ್ಲಿ ಅಂಥದೊಂದು ದೊಡ್ಡ ಕೆಲಸದ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ತನ್ನ ಅನುಭವವನ್ನು ಪುಸ್ತಕವಾಗಿ ಬರೆದ. ತಡವಾಗಿರುವ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂಬುದು ಅವನು ಕಂಡುಕೊಂಡ ಸತ್ಯ. ಲೆಕ್ಕ ಸರಳ. ಐದು ಜನರ ತಂಡದಲ್ಲಿ ಪ್ರತಿಯೊಬ್ಬರೂ ಉಳಿದ ಪ್ರತಿಯೊಬ್ಬರೊಡನೆ ಮಾತಾಡಬೇಕಾದರೆ 10 ಜೋಡಿಗಳಾಗುತ್ತವೆ. ಹತ್ತು ಜನರಿಗೆ 45. ಐವತ್ತು ಜನರಿಗೆ 1,225. ಮದುವೆ ಮನೆಯಲ್ಲಿ ಅಡುಗೆಗೆ ಕೈ ಹಾಕುವವರು ಹೆಚ್ಚಾದರೆ ಏನಾಗುತ್ತದೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಅಧಿಕಾರಿಗಳಿಗೆ ಹಿಡಿಸಿದ್ದು ಬೇರೆಯೇ ಒಂದು ಚಿತ್ರ. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬ ಇಂಜಿನಿಯರ್ ಒಂದು ಪ್ರಬಂಧದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಚೌಕಗಳನ್ನು ಬರೆದಿದ್ದ. ಮೊದಲು ಬೇಡಿಕೆಗಳ ಪಟ್ಟಿ, ಆಮೇಲೆ ನಕ್ಷೆ, ಆಮೇಲೆ ಪ್ರೋಗ್ರಾಂ, ಕೊನೆಗೆ ಪರೀಕ್ಷೆ. ನೀರಿನ ಹಾಗೆ ಮೇಲಿನಿಂದ ಕೆಳಕ್ಕೆ ಹರಿಯುವ ಇದಕ್ಕೆ ಮುಂದೆ 'ಜಲಪಾತ' ಎಂಬ ಹೆಸರು ಬಂತು. ತಮಾಷೆಯೆಂದರೆ, ಹೀಗೆ ಮಾಡಿದರೆ ಅಪಾಯವಿದೆ, ಕೊನೆಯಲ್ಲಿ ತಪ್ಪು ಕಂಡರೆ ಮೊದಲಿಗೆ ಮರಳಬೇಕಾಗುತ್ತದೆ ಎಂದು ಅದೇ ಪ್ರಬಂಧದಲ್ಲಿ ರಾಯ್ಸ್ ಎಚ್ಚರಿಸಿದ್ದ. ಓದಿದವರು ಚಿತ್ರ ನೋಡಿದರು, ಎಚ್ಚರಿಕೆಯನ್ನು ಬಿಟ್ಟರು. 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಹೊರಡಿಸಿದ ನಿಯಮಾವಳಿ ಇದೇ ದಾರಿಯಲ್ಲಿತ್ತು.

ಇದಕ್ಕೆ ತೆತ್ತ ಬೆಲೆಗೆ ಒಂದು ಉದಾಹರಣೆ ಸಾಕು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ತನ್ನ ಕಡತಗಳನ್ನು ಕಂಪ್ಯೂಟರಿಗೆ ತರಲು ಹೊರಟಿತು. ಬೇಡಿಕೆಗಳ ಪಟ್ಟಿಯೇ 800 ಪುಟ ದಾಟಿತ್ತು. 2005ರಲ್ಲಿ 17 ಕೋಟಿ ಡಾಲರ್ ನೀರಿಗೆ ಹೋದ ಮೇಲೆ ಆ ಯೋಜನೆಯನ್ನು ಕೈಬಿಡಲಾಯಿತು.

ಮಗ್ಗ ಕಲಿಸಿದ ಪಾಠ

ಈ ಕಥೆಯ ಇನ್ನೊಂದು ಎಳೆ ಜಪಾನಿನಲ್ಲಿದೆ. ಸಕಿಚಿ ಟೊಯೋಡ ಎಂಬ ಬಡಗಿಯ ಮಗ ನೂಲಿನ ಎಳೆ ಕಡಿದ ಕೂಡಲೇ ತಾನಾಗಿ ನಿಲ್ಲುವ ಮಗ್ಗವನ್ನು ರೂಪಿಸಿದ. ಎಳೆ ಕಡಿದ ಮೇಲೂ ಮಗ್ಗ ಓಡಿದರೆ ಗಜಗಟ್ಟಲೆ ಬಟ್ಟೆ ಹಾಳು. ನಿಂತರೆ ಹಾಳಾಗುವುದು ಒಂದು ಗೇಣು. ಅವನ ಮಗ 1937ರಲ್ಲಿ ಟೊಯೋಟ ಕಾರು ಕಂಪೆನಿ ಕಟ್ಟಿದಾಗ ಈ ಬುದ್ಧಿ ಕಾರ್ಖಾನೆಗೂ ಬಂತು. ನೂಲಿನ ಗಿರಣಿಯಿಂದಲೇ ಬಂದ ತೈಚಿ ಓನೋ ಎಂಬವನು ಅದನ್ನು ಬೆಳೆಸಿದ. ಕಾರು ಜೋಡಿಸುವ ಸಾಲಿನ ಉದ್ದಕ್ಕೂ ಒಂದು ಹಗ್ಗ. ತಪ್ಪು ಕಂಡ ಯಾವ ಕೆಲಸಗಾರನೂ ಅದನ್ನು ಎಳೆಯಬಹುದು. ಮೇಲ್ವಿಚಾರಕ ಓಡಿ ಬರುತ್ತಾನೆ, ತೊಂದರೆ ಬಗೆಹರಿಯದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಟೇಲರನ ಗಡಿಯಾರಕ್ಕೆ ಎದುರಾಗಿ ಬಂದದ್ದು ಈ ಹಗ್ಗ. ಯಾವ ಕೆಲಸ ಎಷ್ಟು ಬೇಕೆಂದು ತೋರಿಸುವ 'ಕಾನ್ಬಾನ್' ಎಂಬ ಚೀಟಿಗಳೂ ಓನೋ ತಂದ ಪದ್ಧತಿಯೇ.

ಹಗ್ಗ ಇದ್ದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆಂದು ಯಾರೂ ಭಾವಿಸಬೇಕಾಗಿಲ್ಲ. 1999ರ ಕೊನೆಯಲ್ಲಿ ನಮ್ಮ ಬಿಡದಿಗೂ ಟೊಯೋಟ ಕಾರ್ಖಾನೆ ಬಂತು. ಅಲ್ಲಿ 2006, 2014 ಮತ್ತು 2020ರಲ್ಲಿ ಆಡಳಿತಕ್ಕೂ ಕಾರ್ಮಿಕರಿಗೂ ತಿಕ್ಕಾಟ ನಡೆದು ಲಾಕೌಟ್ ಆದದ್ದು ನಮ್ಮ ಪತ್ರಿಕೆಗಳಲ್ಲೇ ಬಂದ ಸುದ್ದಿ. ಪದ್ಧತಿ ಒಂದು ಮಾತು, ಅದನ್ನು ನಡೆಸುವ ಮನುಷ್ಯರ ನಡುವಿನ ನಂಬಿಕೆ ಇನ್ನೊಂದು ಮಾತು.

1986ರಲ್ಲಿ ತಕೆಯುಚಿ ಮತ್ತು ನೊನಾಕ ಎಂಬ ಇಬ್ಬರು ಜಪಾನಿ ವಿದ್ವಾಂಸರು ಹೋಂಡ, ಕ್ಯಾನನ್ ಮೊದಲಾದ ಕಂಪೆನಿಗಳನ್ನು ನೋಡಿ ಒಂದು ಲೇಖನ ಬರೆದರು. ರಿಲೇ ಓಟದಲ್ಲಿ ಒಬ್ಬ ಓಡಿ ಮುಗಿಸಿ ಕೋಲನ್ನು ಇನ್ನೊಬ್ಬನಿಗೆ ಕೊಡುತ್ತಾನೆ. ರಗ್ಬಿ ಆಟದಲ್ಲಿ ಇಡೀ ತಂಡ ಚೆಂಡನ್ನು ಹಿಂದೆ ಮುಂದೆ ಎಸೆಯುತ್ತಾ ಒಟ್ಟಿಗೆ ಸಾಗುತ್ತದೆ. ಒಳ್ಳೆಯ ವಸ್ತುಗಳು ಹುಟ್ಟುವುದು ರಗ್ಬಿಯ ರೀತಿಯಲ್ಲಿ ಎಂದರು ಅವರು. 'ಸ್ಕ್ರಮ್' ಎಂಬುದು ಆ ಆಟದ ಮಾತು. ಹಿಂದೆ ಯುದ್ಧವಿಮಾನ ಹಾರಿಸಿದ್ದ ಜೆಫ್ ಸದರ್‌ಲ್ಯಾಂಡ್ 1993ರಲ್ಲಿ ಅದನ್ನು ಸಾಫ್ಟ್‌ವೇರಿಗೆ ತಂದ. 1995ರಲ್ಲಿ ಕೆನ್ ಶ್ವೇಬರ್ ಜೊತೆಗೂಡಿ ಅದಕ್ಕೊಂದು ರೂಪ ಕೊಟ್ಟ. ಕ್ರೈಸ್ಲರ್ ಕಾರು ಕಂಪೆನಿಯ ಸಂಬಳದ ಲೆಕ್ಕದ ಕೆಲಸಕ್ಕೆ 1996ರಲ್ಲಿ ಸೇರಿದ ಕೆಂಟ್ ಬೆಕ್, ಒಂದು ಕಂಪ್ಯೂಟರಿನ ಮುಂದೆ ಇಬ್ಬರು ಕೂತು ಬರೆಯುವ, ಬರೆಯುವ ಮೊದಲೇ ಪರೀಕ್ಷೆ ಸಿದ್ಧಮಾಡುವ ರೂಢಿಯನ್ನು ಬೆಳೆಸಿದ.

ಹದಿನೇಳು ಮಂದಿ

2001ರ ಫೆಬ್ರವರಿ 11ರಿಂದ 13ರವರೆಗೆ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದ ಬೆಟ್ಟದಲ್ಲಿ ಇಂಥ 17 ಮಂದಿ ಸೇರಿದರು. ಎಲ್ಲರೂ ಗಂಡಸರು ಎಂಬುದನ್ನೂ ಇಲ್ಲಿ ಹೇಳಬೇಕು. ಅವರು ಬರೆದ ಪ್ರಣಾಳಿಕೆ ಅರ್ಧ ಪುಟದ್ದು. ಅದರ ಸಾರ ಇಷ್ಟು: ನಿಯಮ ಮತ್ತು ಸಲಕರಣೆಗಳಿಗಿಂತ ಮನುಷ್ಯರೂ ಅವರ ನಡುವಿನ ಮಾತುಕತೆಯೂ ಮೇಲು. ದಪ್ಪ ದಾಖಲೆಗಿಂತ ನಡೆಯುವ ಸಾಫ್ಟ್‌ವೇರ್ ಮೇಲು. ಕರಾರಿನ ಚೌಕಾಸಿಗಿಂತ ಗಿರಾಕಿಯೊಡನೆ ಕೂಡಿ ದುಡಿಯುವುದು ಮೇಲು. ಹಾಕಿಕೊಂಡ ಯೋಜನೆಗಿಂತ ಬದಲಾವಣೆಗೆ ಓಗೊಡುವುದು ಮೇಲು.

ಆಚರಣೆಯಲ್ಲಿ ಇದು ಹೀಗೆ: ಬೇಕಾದ ಕೆಲಸಗಳನ್ನೆಲ್ಲ ಮುಖ್ಯವಾದದ್ದು ಮೇಲೆ ಬರುವ ಹಾಗೆ ಪಟ್ಟಿ ಮಾಡುತ್ತಾರೆ. ಹತ್ತು ಜನಕ್ಕೆ ಮೀರದ ತಂಡ ಎರಡು ವಾರಕ್ಕೆ ಆಗುವಷ್ಟನ್ನು ಅದರಿಂದ ತಾನೇ ಆರಿಸಿಕೊಳ್ಳುತ್ತದೆ. ಈ ಅವಧಿಗೆ ಸ್ಪ್ರಿಂಟ್ ಎನ್ನುತ್ತಾರೆ. ದಿನವೂ ಕಾಲು ಗಂಟೆ ನಿಂತು ಮಾತಾಡುತ್ತಾರೆ. ಸ್ಪ್ರಿಂಟಿನ ಕೊನೆಗೆ ಆದದ್ದನ್ನು ಗಿರಾಕಿಗೆ ತೋರಿಸುತ್ತಾರೆ. ಆಮೇಲೆ ತಂಡದವರು ಕೂತು, ಎಲ್ಲಿ ಎಡವಿದೆವು, ಮುಂದೆ ಏನು ತಿದ್ದಿಕೊಳ್ಳೋಣ ಎಂದು ಬಿಚ್ಚುಮನಸ್ಸಿನಿಂದ ಮಾತಾಡುತ್ತಾರೆ. ತಪ್ಪು ಎರಡು ವರ್ಷದ ಬದಲು ಎರಡು ವಾರದಲ್ಲಿ ಕಾಣುತ್ತದೆ. ಎಳೆ ಕಡಿದ ಕೂಡಲೇ ಮಗ್ಗ ನಿಂತ ಹಾಗೆ.

ಇದರಿಂದ ಫಲ ಸಿಕ್ಕಿಲ್ಲವೆಂದಲ್ಲ. ಎಫ್‌ಬಿಐಯ ಎರಡನೇ ಯೋಜನೆಯೂ ಕುಂಟತೊಡಗಿದಾಗ 2010ರಲ್ಲಿ ಸಂಸ್ಥೆ ಅದನ್ನು ತನ್ನ ಕೈಗೆ ತೆಗೆದುಕೊಂಡು, ಸಣ್ಣ ತಂಡ ಕಟ್ಟಿ, ಈ ರೀತಿಯಲ್ಲಿ ನಡೆಸಿತು. 2012ರ ಜುಲೈನಲ್ಲಿ ಅದು ಬಳಕೆಗೆ ಬಂತು.

ಹೈದರಾಬಾದಿನ ಆರು ಮಂದಿ

ನಮಗೆ ಹೆಚ್ಚು ಹತ್ತಿರವಾದ ಕಥೆ ಹೈದರಾಬಾದಿನದು. 2004ರಲ್ಲಿ ಮೈಕ್ರೋಸಾಫ್ಟ್ ತನ್ನ ಒಳಗಿನ ಸಾಫ್ಟ್‌ವೇರುಗಳ ರಿಪೇರಿ ಕೆಲಸವನ್ನು ಅಲ್ಲಿನ ಒಂದು ತಂಡಕ್ಕೆ ಒಪ್ಪಿಸಿತ್ತು. ಪ್ರೋಗ್ರಾಂ ಬರೆಯುವವರು ಮೂವರು, ಪರೀಕ್ಷಿಸುವವರು ಮೂವರು. ಒಂದು ಬೇಡಿಕೆ ಮುಗಿಯಲು ಸುಮಾರು ಐದು ತಿಂಗಳು ಹಿಡಿಯುತ್ತಿತ್ತು. ಕಂಪೆನಿಯಲ್ಲಿ ಅದಕ್ಕೆ ಕೆಟ್ಟ ಹೆಸರು. ಡ್ರಾಗೋಸ್ ದುಮಿತ್ರಿಯು ಎಂಬ ಮ್ಯಾನೇಜರ್ ಮತ್ತು ಡೇವಿಡ್ ಆಂಡರ್ಸನ್ ಹುಡುಗರನ್ನು ಬೈಯುವ ಬದಲು ಅವರ ದಿನ ಎಲ್ಲಿ ಹೋಗುತ್ತಿದೆಯೆಂದು ನೋಡಿದರು. ಬಂದ ಪ್ರತಿಯೊಂದು ಬೇಡಿಕೆಗೂ ಇಷ್ಟು ದಿನ ಬೇಕು ಎಂದು ತುರ್ತಾಗಿ ಅಂದಾಜು ಬರೆದುಕೊಡಬೇಕಿತ್ತು. ಅಂದಾಜು ಬರೆಯುವುದರಲ್ಲೇ ಕೆಲಸದ ಹೊತ್ತಿನ ದೊಡ್ಡ ಪಾಲು ಕಳೆಯುತ್ತಿತ್ತು.

ಅಂದಾಜು ಬರೆಯುವುದನ್ನು ನಿಲ್ಲಿಸಿದರು. ಒಮ್ಮೆಗೆ ಕೈಯಲ್ಲಿ ಇಷ್ಟೇ ಕೆಲಸ ಎಂದು ಮಿತಿ ಹಾಕಿದರು. ಒಂದು ಮುಗಿದು ಜಾಗ ಖಾಲಿಯಾದಾಗ ಮುಂದಿನದು ಯಾವುದು ಎಂದು ಬೇಡಿಕೆ ಸಲ್ಲಿಸಿದವರೇ ತೀರ್ಮಾನಿಸಬೇಕಾಯಿತು. ಸುಮಾರು ಒಂಬತ್ತು ತಿಂಗಳಲ್ಲಿ ಐದು ತಿಂಗಳ ಕೆಲಸ ಎರಡು ವಾರಕ್ಕೆ ಇಳಿಯಿತು. ಓನೋನ ಚೀಟಿ ಸಾಫ್ಟ್‌ವೇರಿಗೆ ಬಂದ ಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಹುಡುಗರು ಸೋಮಾರಿಗಳಾಗಿರಲಿಲ್ಲ ಎಂಬುದು ಇದರಿಂದ ಸಾಬೀತಾಯಿತು. ಅವರ ಮೇಲೆ ಹೇರಿದ್ದ ಲೆಕ್ಕವೇ ಅವರ ಕಾಲಿಗೆ ಸಂಕೋಲೆಯಾಗಿತ್ತು.

ಮತ್ತೆ ಗಡಿಯಾರ

ಆಮೇಲಿನದು ಬೇಸರದ ಕಥೆ. ಅಜೈಲ್ ಒಂದು ವ್ಯಾಪಾರವಾಯಿತು. ಎರಡು ದಿನದ ತರಬೇತಿ, ಗೋಡೆಗೆ ಹಾಕಲು ಪ್ರಮಾಣಪತ್ರ. ಪ್ರಣಾಳಿಕೆಗೆ ಸಹಿ ಹಾಕಿದ 17 ಮಂದಿಯಲ್ಲೇ ಒಬ್ಬನಾದ ಡೇವ್ ಥಾಮಸ್ 2014ರಲ್ಲಿ ಅಜೈಲ್ ಸತ್ತಿತೆಂದು ಬರೆದ. ಇನ್ನೊಬ್ಬ, ರಾನ್ ಜೆಫ್ರೀಸ್, 2018ರಲ್ಲಿ ಪ್ರೋಗ್ರಾಂ ಬರೆಯುವವರು ಅಜೈಲ್ ಹೆಸರಿನಲ್ಲಿ ಹೇರಲಾಗುತ್ತಿರುವುದನ್ನು ಕೈಬಿಡಬೇಕೆಂದ.

ಯಾಕೆಂದು ತಂಗಿಯ ಮಗ ಹೇಳಿದ. ಕೆಲಸದ ಕಷ್ಟ ಎಷ್ಟೆಂದು ತಿಳಿಯಲು ತಂಡ ತನಗಾಗಿ ಹಾಕಿಕೊಳ್ಳುವ ಅಂಕಗಳನ್ನು ಅವರಲ್ಲಿ ಮೇಲಿನವರು ತಂಡ ತಂಡಗಳ ನಡುವೆ ಹೋಲಿಸುತ್ತಾರೆ. ಕಳೆದ ಸ್ಪ್ರಿಂಟಿನಲ್ಲಿ 40 ಆಗಿತ್ತು, ಈ ಸಲ 45 ಯಾಕಿಲ್ಲ ಎಂದು ಕೇಳುತ್ತಾರೆ. ತಪ್ಪುಗಳನ್ನು ಬಿಚ್ಚಿ ಮಾತಾಡುವ ಸಭೆಯಲ್ಲಿ ಒಬ್ಬ ಹುಡುಗಿ, ಈ ದಿನಾಂಕಕ್ಕೆ ಇದು ಆಗುವುದಿಲ್ಲ ಎಂದು ಒಮ್ಮೆ ನಿಜ ಹೇಳಿದಳಂತೆ. ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಅವಳ ಹೆಸರಿನ ಮುಂದೆ, ತಂಡಕ್ಕೆ ಹೊಂದಿಕೊಳ್ಳುವುದಿಲ್ಲ ಎಂಬ ಮಾತು ಬಂತು. "ಆಮೇಲೆ ಯಾರೂ ಬಾಯಿ ಬಿಡಲ್ಲ ಮಾಮು. ದಿನಾ ನಿಂತ್ಕೊಂಡು, ಅಡ್ಡಿ ಏನೂ ಇಲ್ಲ ಅಂತೀವಿ."

ಅಡ್ಡಿ ಏನೂ ಇಲ್ಲ! ಎಲೆ ಒಣಗಿದೆ ಎಂದು ಹೇಳುವುದನ್ನು ನಮ್ಮ ತಾಯಿಯೂ ಹೀಗೇ ಒಂದು ದಿನ ನಿಲ್ಲಿಸಿದ್ದರು. ಗುತ್ತಿಗೆದಾರನಿಗೆ ತನ್ನ ಹೆಂಗಸರು ಸುಧಾರಿಸಿದರೆಂದು ಅನ್ನಿಸಿರಬಹುದು. ರಾತ್ರಿ ಒಣ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಕಮ್ಮಿ ಬಿದ್ದದ್ದಕ್ಕೆ ಕೈಯಿಂದ ಎಲೆ ಕೊಂಡು ಸೇರಿಸಿ, ಅವರು ಲೆಕ್ಕ ತುಂಬಿಸುತ್ತಿದ್ದರು.

ಈ ನೂರು ವರ್ಷದ ಇತಿಹಾಸವನ್ನು ಬೋರ್ಡಿನ ಮೇಲಿನ ಬಣ್ಣಬಣ್ಣದ ಚೀಟಿಗಳ ಇತಿಹಾಸವೆಂದು ಓದುವುದು ಸುಲಭ. ನಾವು ಅದನ್ನು ಒಂದೇ ಪ್ರಶ್ನೆಯ ಇತಿಹಾಸವಾಗಿ ಓದುತ್ತೇವೆ. ಕೆಲಸ ಮಾಡುವ ಕೈಗೆ ತಪ್ಪು ಮೊದಲು ಕಾಣುತ್ತದೆ. ಅದನ್ನು ಹೇಳಿದವರಿಗೆ ಏನಾಗುತ್ತದೆ? ಕಚೇರಿ, ಶಾಲೆ, ಜಮಾಅತ್ತು, ಸಂಘ, ಮನೆ ಎಲ್ಲಕ್ಕೂ ಈ ಪ್ರಶ್ನೆ ಅನ್ವಯಿಸುತ್ತದೆ. ಹಗ್ಗ ಕಟ್ಟಿಸಲು ಖರ್ಚು ಹೆಚ್ಚಿಲ್ಲ. ಎಳೆದವರನ್ನು ಕಾಪಾಡುವುದಕ್ಕೆ ಬೇಕಾದದ್ದು ಹಣವಲ್ಲ.

ನಾವು ಹೊರಡುವಾಗ ಹುಡುಗ ಬಸ್‌ಸ್ಟಾಂಡಿನವರೆಗೆ ಬಂದ. ನಾಳೆ ಬೆಳಿಗ್ಗೆ ಹತ್ತಕ್ಕೆ ಏನು ಹೇಳುತ್ತೀಯ ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದ. "ನೋಡೋಣ ಮಾಮು, ಆ ಹುಡುಗಿ ಹೇಳಿದ್ದು ಸರಿ ಇತ್ತು ಅಂತ ಮೊದಲು ಹೇಳಬೇಕು" ಎಂದ.