ಬಂದಾಂವ, ಬಂದಾಕಿ, ಬಂದ ಮೇಲೆ: ಒಂದು ವ್ಯಾಕರಣ ರೂಪದ ಅಧ್ಯಯನ ನಡೆದ ದಾರಿ

ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಚೊಳಚಗುಡ್ಡದ ಬನಶಂಕರಿ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ಅಲ್ಲಿನ ಮಾತಿಗೆ ಕಿವಿಗೊಟ್ಟರೆ ‘ರೊಟ್ಟಿ ಮಾರಾಕಿ’, ‘ನಾಟಕಕ್ಕ ಬಂದಾಂವ’, ‘ನಿನ್ನಿ ಕೊಂಡ ಕಂಬಳಿ’, ‘ತೇರು ಎಳದ ಮ್ಯಾಲೆ’ ಎಂಬಂಥ ರೂಪಗಳು ಎಡೆಬಿಡದೆ ಕೇಳಿಸುತ್ತವೆ. ಒಂದು ಹೆಂಗಸನ್ನು ಗುರುತಿಸುತ್ತದೆ, ಒಂದು ವಸ್ತುವನ್ನು, ಇನ್ನೊಂದು ಹೊತ್ತನ್ನು. ಎಲ್ಲದರ ಬೆನ್ನೆಲುಬು ಮಾತ್ರ ಒಂದೇ: ದ ಅಥವಾ ವ ಹತ್ತಿದ ಕ್ರಿಯಾಪದ, ಅಂದರೆ ಕೃದಂತ. ಇಷ್ಟೇ ಕೆಲಸಕ್ಕೆ ಇಂಗ್ಲಿಷು ಹೂ, ವಿಚ್, ದಟ್, ವೆನ್, ಆಫ್ಟರ್ ಎಂದು ಬೇರೆ ಬೇರೆ ಪದಗಳನ್ನು ಕರೆಯುತ್ತದೆ.

ಈ ರೂಪಕ್ಕೆ ಹಳೆಯ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಪಕ್ಕದ ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ಜೆ.ಎಫ್. ಫ್ಲೀಟ್ 1881ರಲ್ಲಿ ಅದನ್ನು ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದರು. ತ್ರಿಪದಿಯ ಹಳೆಯ ಮಾದರಿಯೆಂದು ನಾವು ಅದನ್ನು ಕೊಂಡಾಡುತ್ತೇವೆ. ನನಗೆ ಅದರ ವ್ಯಾಕರಣವೂ ಅಷ್ಟೇ ದೊಡ್ಡದು. ಅಲ್ಲಿ ಸಿಂಹಕ್ಕೆ ‘ಕಟ್ಟಿದ’ ಎಂಬ ವಿಶೇಷಣವಿದೆ, ಆ ಸಿಂಹವನ್ನು ಬಿಡುವ ಹೋಲಿಕೆಗೆ ‘ಬಿಟ್ಟವೋಲ್’ ಎಂಬ ರೂಪವಿದೆ. ಮೊದಲನೆಯದು ನಾಮಪದವನ್ನು ಬಣ್ಣಿಸುತ್ತದೆ, ಎರಡನೆಯದು ಕ್ರಿಯೆ ನಡೆದ ರೀತಿಯನ್ನು. ಇವತ್ತಿನ ‘ಕಟ್ಟಿದ ಎತ್ತು’, ‘ಬಿಟ್ಟಂಗ’ ಎಂಬ ಮಾತುಗಳ ಜೋಡಿ ಹದಿಮೂರು ಶತಮಾನದ ಹಿಂದೆಯೇ ಒಂದೇ ಪದ್ಯದೊಳಗೆ ಸೇರಿದೆ.

ವೈಯಾಕರಣರು ಈ ಜೋಡಿಯನ್ನು ಬೇರ್ಪಡಿಸಿದರು. ಸುಮಾರು 1260ರ ‘ಶಬ್ದಮಣಿದರ್ಪಣ’ದಲ್ಲಿ ಕೇಶಿರಾಜ ‘ಮಾಡಿದಂ’, ‘ಮಾಡುವಂ’ ಥರದ ರೂಪಗಳನ್ನು ಕೃಲ್ಲಿಂಗವೆಂದು ಕರೆದು ನಾಮಗಳ ಸಾಲಿಗೆ ಸೇರಿಸಿದ. ರೀತಿ, ಸದ್ದು ಹೇಳುವ ಪದಗಳು ಅವ್ಯಯ ಪ್ರಕರಣಕ್ಕೆ ಹೋದವು. ಸಂಸ್ಕೃತದ ಚೌಕಟ್ಟಿನಲ್ಲಿ ಅದು ಸರಿಯಾದ ವಿಂಗಡಣೆಯೇ. ಆದರೂ ‘ಬಂದಾಂವ’ ಮತ್ತು ‘ಬಂದಾಗ’ ಒಂದೇ ಬಳ್ಳಿಯ ಕಾಯಿಗಳೆಂಬ ಸಂಗತಿ ಅದರಲ್ಲಿ ಮರೆಯಾಯಿತು. ‘ಬಂದಾಂವ’ನಲ್ಲಿ ಕೇಶಿರಾಜನ ಕೃಲ್ಲಿಂಗ ಇನ್ನೂ ಹಸಿರಾಗಿಯೇ ಇದೆ, ಅದು ಬೇರೆ ಮಾತು.

ಹತ್ತೊಂಬತ್ತನೆಯ ಶತಮಾನದಲ್ಲಿ ನೋಟ ಬದಲಾಯಿತು. 1817ರಲ್ಲಿ ಸೆರಾಂಪುರದಿಂದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂತು, 1820ರಲ್ಲಿ ಮೆಕೆರೆಲ್‌ನದು. ನಿಜವಾದ ತಿರುವು ಕೊಟ್ಟದ್ದು 1856ರ ಕಾಲ್ಡ್‌ವೆಲ್‌ನ ತೌಲನಿಕ ವ್ಯಾಕರಣ. ದ್ರಾವಿಡ ಭಾಷೆಗಳಲ್ಲಿ ಸಂಬಂಧ ಸರ್ವನಾಮದ ಕೆಲಸವನ್ನು ಕೃದಂತವೇ ಮಾಡುತ್ತದೆ ಎಂದು ಆತ ತೋರಿಸಿದ. ಕಿಟೆಲ್‌ರ 1903ರ ವ್ಯಾಕರಣ, ಸ್ಪೆನ್ಸರ್‌ನ 1914ರ ಪಾಠಪುಸ್ತಕ ಅದೇ ದಾರಿ ಹಿಡಿದವು. ಇಂಗ್ಲಿಷರು ಕನ್ನಡ ಕಲಿಯಬೇಕಾದಾಗ ಎರಡು ಭಾಷೆಗಳ ವಾಕ್ಯಗಳನ್ನು ಹೀಗೆ ಪಕ್ಕಪಕ್ಕ ಇಟ್ಟು ನೋಡಿದರು. ನಮ್ಮ ಮಕ್ಕಳು ಇಂಗ್ಲಿಷ್ ಕಲಿಯುವ ಸರದಿ ಬಂದಾಗ ಆ ಹೋಲಿಕೆಗೆ ತರಗತಿಯಲ್ಲಿ ತಕ್ಕ ಜಾಗ ಸಿಗಲಿಲ್ಲ. ಇದು ನನ್ನನ್ನು ಬಹಳ ಕಾಡುವ ಸಂಗತಿ.

ಶಾಸನಗಳ ಭಾಷೆಯನ್ನು ಎ.ಎನ್. ನರಸಿಂಹಯ್ಯ (1941), ಜಿ.ಎಸ್. ಗಾಯಿ (1946) ಕ್ರಮವಾಗಿ ಬಿಡಿಸಿಟ್ಟರು. ಆಡುಮಾತಿನತ್ತ ವಿಲಿಯಂ ಬ್ರೈಟ್ 1958ರಲ್ಲಿ ತಿರುಗಿದರು, ಷಿಫ್‌ಮನ್ 1983ರಲ್ಲಿ. ಎಸ್.ಎನ್. ಶ್ರೀಧರ್ ಅವರ 1990ರ ‘ಕನ್ನಡ’ ಇವತ್ತಿಗೂ ವಾಕ್ಯರಚನೆಗೆ ಕೈಗೆತ್ತಿಕೊಳ್ಳಬೇಕಾದ ಪುಸ್ತಕ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರಭಟ್ಟರು 2000ದ ತಮ್ಮ ಪುಸ್ತಕದಲ್ಲಿ ವಾದಿಸಿದ್ದು ಕೇಶಿರಾಜನ ಕಾಲದ ಆ ಚೌಕಟ್ಟನ್ನೇ ಪ್ರಶ್ನಿಸಿತು.

ಗಡಿಯ ಅಧ್ಯಯನಗಳು ಇನ್ನೊಂದು ಬೆಳಕು ಚೆಲ್ಲಿದವು. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯಗಳು ಪದಕ್ಕೆ ಪದ ಹೊಂದುವಷ್ಟು ಹತ್ತಿರ ಬಂದದ್ದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ದಾಖಲಿಸಿದರು. ಕರ್ನಾಟಕದ ಸಾರಸ್ವತರ ಕೊಂಕಣಿ ತನ್ನ ಸಂಬಂಧ ಸರ್ವನಾಮದ ವಾಕ್ಯಗಳಿಂದ ಕನ್ನಡದ ಅಚ್ಚಿನತ್ತ ಸರಿಯುತ್ತಿರುವುದನ್ನು ಮಂಗೇಶ ನಾಡಕರ್ಣಿ 1975ರಲ್ಲಿ ಬರೆದರು. ವಾಕ್ಯ ಹೆಣೆಯುವ ಬಗೆ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುತ್ತದೆ ಎಂದಮೇಲೆ, ಇಂಗ್ಲಿಷ್ ಕಲಿಯುವ ಮಗುವಿನ ತಲೆಯಲ್ಲೂ ಅದು ದಾಟುತ್ತಿರಬೇಕಲ್ಲವೇ?

ಇಂಗ್ಲಿಷ್ ಬೋಧನೆಯ ಕಡೆ ಕಥೆ ಬೇರೆಯೇ. ಎ.ಎಸ್. ಹಾರ್ನ್‌ಬಿ 1954ರಲ್ಲಿ 25 ಕ್ರಿಯಾಪದ ಮಾದರಿಗಳನ್ನು ಪಟ್ಟಿಮಾಡಿದ. ಇಂಥ ಮಾದರಿಗಳನ್ನು ಬಾಯಿಪಾಠ ಮಾಡಿಸುವ ಪದ್ಧತಿ ನಮ್ಮ ಶಾಲೆಗಳಲ್ಲೂ ಬೇರೂರಿತು. ಎನ್.ಎಸ್. ಪ್ರಭು ಅವರ ಬೆಂಗಳೂರು ಯೋಜನೆ 1979ರಿಂದ 1984ರವರೆಗೆ ಅದಕ್ಕೆ ಎದುರಾಗಿ ನಿಂತು, ಕೆಲಸ ಕೊಟ್ಟು ಅರ್ಥದ ಮೂಲಕ ಕಲಿಸಿ ತೋರಿಸಿತು. ಧೀರ ಪ್ರಯೋಗ. ಆದರೆ ಮಗು ಮನೆಯಿಂದ ತರುವ ವ್ಯಾಕರಣಕ್ಕೆ ಎರಡರಲ್ಲೂ ಮುಖ್ಯ ಪಾತ್ರ ಇರಲಿಲ್ಲ.

ಆ ವ್ಯಾಕರಣ ಎಷ್ಟು ಗಟ್ಟಿ ಎಂಬುದು ಕ್ರಿಯಾವಿಶೇಷಣದಲ್ಲಿ ಕಾಣುತ್ತದೆ. ಬಾದಾಮಿ ಸೀಮೆಯಲ್ಲಿ ‘ಲಗೂನ ಬಾ’, ‘ಗಪ್ಪನ ಕುಂತ’, ‘ಪತ್ರ ಸಾವಕಾಶ ಓದಿದಳು’ ಅನ್ನುತ್ತಾರೆ. ರೀತಿ ಹೇಳುವ ಪದ ಸಾಮಾನ್ಯವಾಗಿ ಕ್ರಿಯಾಪದಕ್ಕೆ ಅಂಟಿಕೊಂಡೇ ಇರುತ್ತದೆ. ಅದೇ ಅಭ್ಯಾಸದಲ್ಲಿ ಹುಡುಗಿ ‘ಷಿ ರೆಡ್ ಸ್ಲೋಲಿ ದ ಲೆಟರ್’ ಎಂದು ಬರೆದರೆ ಕೆಂಪು ಗೀಟು ಬೀಳುತ್ತದೆ. ಇಂಗ್ಲಿಷು ಕ್ರಿಯಾಪದ ಮತ್ತು ಕರ್ಮದ ನಡುವೆ ಸುಲಭಕ್ಕೆ ಜಾಗ ಬಿಡುವುದಿಲ್ಲ, ‘ಸ್ಲೋಲಿ’ ಕೊನೆಗೋ ಕ್ರಿಯಾಪದದ ಮುಂಚೆಗೋ ಹೋಗಬೇಕು. ಹುಡುಗಿಯ ವಾಕ್ಯದಲ್ಲಿ ಅಡ್ಡಾದಿಡ್ಡಿ ಏನೂ ಇಲ್ಲ. ಅವಳು ಇನ್ನೊಂದು ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಾಳೆ. ಇದನ್ನು ಅವಳಿಗೆ ಹೇಳಬೇಕು.

ಸಂಬಂಧ ವಾಕ್ಯಕ್ಕೂ ಹೀಗೆಯೇ ದಾರಿಯಿದೆ. ಎರಡು ಬಿಡಿ ವಾಕ್ಯ ಕೊಟ್ಟು ‘ಹೂ’, ‘ವಿಚ್’ ಹಾಕಿ ಕೂಡಿಸಿ ಎನ್ನುವುದು ಶಾಲೆಯ ವಾಡಿಕೆ. ಅದಕ್ಕಿಂತ ಮೊದಲು ‘ಬಾದಾಮಿಗೆ ಹೋಗುವ ಬಸ್ಸು’ ಮತ್ತು ‘ದ ಬಸ್ ಗೋಯಿಂಗ್ ಟು ಬಾದಾಮಿ’, ‘ಇಳಕಲ್ಲಿನಲ್ಲಿ ನೇಯ್ದ ಸೀರೆ’ ಮತ್ತು ‘ದ ಸಾರಿ ವೋವನ್ ಇನ್ ಇಳಕಲ್’ ಎಂಬ ಜೋಡಿಗಳನ್ನು ಕರಿಹಲಗೆಯ ಮೇಲೆ ಬರೆಯಬಹುದು. ಸರ್ವನಾಮದ ಗೊಡವೆಯೇ ಇಲ್ಲ, ತಿರುಗಿದ್ದು ಪದಗಳ ಕ್ರಮ ಮಾತ್ರ. ಆಮೇಲೆ ‘ಹುಡುಗ ಬಂದ ಊರು’ ಬರೆಯಬೇಕು. ಅವನು ಆ ಊರಿಂದ ಬಂದನೋ, ಆ ಊರಿಗೆ ಬಂದನೋ? ವಿಭಕ್ತಿ ಕಳಚಿ ಹೋಗಿದೆ, ಸಂದರ್ಭ ನೋಡಿ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಹಾಗೆ ಕಳಚಲು ಬರುವುದಿಲ್ಲ. ‘ಫ್ರಮ್ ವಿಚ್’ ಎಂಬುದು ಯಾಕೆ ಬೇಕೆಂದು ಮಗುವಿಗೆ ಆಗ ತಾನಾಗಿ ಹೊಳೆಯುತ್ತದೆ, ‘ವಿಚ್’ನ ಪಾಠವನ್ನು ಅಲ್ಲಿಂದ ಶುರುಮಾಡಬಹುದು.